ಗದ್ದೆಯ ಕೆಸರಿನಲ್ಲಿ ಕರಗುವ ವಿಷ, ಒಣ ಹೊಲದಲ್ಲಿ ಕೂತೇ ಇರ್ತದೆ

ಬೆಳೆಗೆ ಎರಚಿದ ವಿಷದಲ್ಲಿ ಬಹಳಷ್ಟು ಬೀಳೋದು ಮಣ್ಣಿಗೆ. ಅಲ್ಲಿಂದ ಅದು ಎಲ್ಲಿಗೆ ಹೋಗ್ತದೆ? ಗದ್ದೆಯವರಿಗೆ ಒಂದು ಉತ್ತರ, ಮಳೆ ನಂಬಿದ ಹೊಲದವರಿಗೆ ಇನ್ನೊಂದು ಉತ್ತರ. ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಯೊಬ್ಬರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1980ರ ದಶಕದಲ್ಲಿ ನಮ್ಮ ಕಡೆ ಶೇಂಗಾಕ್ಕೆ ಕಂಬಳಿ ಹುಳ ಬಿದ್ದರೆ ಬಿ.ಎಚ್.ಸಿ. ಪುಡಿಯೇ ಮದ್ದು. ತೆಳು ಬಟ್ಟೆಯಲ್ಲಿ ಕಟ್ಟಿ ಸಾಲಿನ ಮೇಲೆ ಕೊಡವುತ್ತಾ ಹೋಗೋರು. ಅದರ ಮುಗ್ಗಲು ವಾಸನೆ ನನ್ನ ವಯಸ್ಸಿನವರಿಗೆ ಈಗಲೂ ನೆನಪಿರ್ತದೆ. ಬೇಸಾಯದಲ್ಲಿ ಡಿ.ಡಿ.ಟಿ. 1989ರಲ್ಲಿ ನಿಂತಿತು. ಬಿ.ಎಚ್.ಸಿ. 1997ರಲ್ಲಿ, ಅದರ ಶುದ್ಧ ರೂಪವಾದ ಲಿಂಡೇನ್ 2013ರಲ್ಲಿ ನಿಂತವು. ಅಂಗಡಿಯಿಂದ ಚೀಲ ಹೋಯಿತು, ಸರಿ. ಹೊಲದಿಂದ ಹೋಯಿತಾ?

ಮುಳ್ಳುಬೇಲಿಯಂಥ ಕ್ಲೋರಿನ್

ಇವೆಲ್ಲ ಕ್ಲೋರಿನ್ ಸೇರಿದ ವಿಷಗಳು. ಬಿ.ಎಚ್.ಸಿ.ಯ ಒಂದೊಂದು ಕಣದಲ್ಲೂ ಆರು ಕ್ಲೋರಿನ್, ಡಿ.ಡಿ.ಟಿ.ಯಲ್ಲಿ ಐದು. ಸುತ್ತ ಮುಳ್ಳುಬೇಲಿ ಹಾಕಿದ ಹಾಗೆ. ಗಾಳಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವಕ್ಕೆ ಈ ಬೇಲಿ ದಾಟೋಕೆ ಆಗೋದಿಲ್ಲ.

ಗದ್ದೆಗೆ ನೀರು ನಿಲ್ಲಿಸಿದರೆ ಲೆಕ್ಕ ಬದಲಾಗ್ತದೆ. ಕೆಲವೇ ದಿನಗಳಲ್ಲಿ ಕೆಸರಿನೊಳಗಿನ ಆಮ್ಲಜನಕ ಮುಗೀತದೆ. ಆಗ ಗಾಳಿ ಬೇಡದ ಜೀವಿಗಳ ಕಾರುಬಾರು ಶುರು. ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟು, ಕಬ್ಬಿಣ, ಗಂಧಕದ ಲವಣ, ಹೀಗೆ ಸಿಕ್ಕಿದ್ದನ್ನು ಬಳಸ್ತವೆ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯೋದು ಅದಕ್ಕೇ. ಕ್ಲೋರಿನ್ ವಿಷ ಸಿಕ್ಕಿದರೆ ಕೆಲವು ಅದನ್ನೂ ಬಿಡೋದಿಲ್ಲ. ಕ್ಲೋರಿನ್ನನ್ನು ಒಂದೊಂದಾಗಿ ಕಿತ್ತು ಹಾಕ್ತವೆ. ಕಿತ್ತದ್ದು ಅಡುಗೆ ಉಪ್ಪಿನಲ್ಲಿರುವಂಥ ಕ್ಲೋರೈಡ್ ಆಗಿ ನೀರಿಗೆ ಸೇರ್ತದೆ.

ಇದನ್ನು ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆ. ರಘು ಮತ್ತು ಐ.ಸಿ. ಮ್ಯಾಕ್ರೇ ಎಂಬವರು 1966ರಲ್ಲೇ ತೋರಿಸಿದರು. ನೀರು ನಿಂತ ಗದ್ದೆ ಮಣ್ಣಿನಲ್ಲಿ ಲಿಂಡೇನ್ ಬೇಗ ಕಡಿಮೆಯಾಯಿತು. ಜೀವಿಗಳನ್ನು ಕೊಂದ ಮಣ್ಣಿನಲ್ಲಿ ಅಷ್ಟು ಬೇಗ ಆಗಲಿಲ್ಲ. ಅಂದರೆ ಕೆಲಸ ಮಾಡಿದ್ದು ಜೀವಿಗಳೇ. ನಮ್ಮ ದೇಶದ ಕಟಕ್‌ನ ಭತ್ತ ಸಂಶೋಧನಾ ಕೇಂದ್ರದಲ್ಲಿ ಸಿದ್ದರಾಮಪ್ಪ ಮತ್ತು ಸೇತುನಾಥನ್ 1975ರಲ್ಲಿ ನಮ್ಮ ಗದ್ದೆ ಮಣ್ಣುಗಳನ್ನೇ ಪರೀಕ್ಷಿಸಿದರು. ಸಾವಯವ ಅಂಶ ಚೆನ್ನಾಗಿರುವ ಕೆಸರಿನಲ್ಲಿ ಈ ಕೆಲಸ ಚುರುಕು.

ಅರ್ಧ ಕೆಲಸ ಮಾತ್ರ

ಆದರೆ ಕೆಸರು ಎಲ್ಲವನ್ನೂ ತೊಳೆದುಬಿಡ್ತದೆ ಅಂತ ತಿಳೀಬೇಡಿ. ಡಿ.ಡಿ.ಟಿ.ಯ ಒಂದು ಕ್ಲೋರಿನ್ ಹೋದರೆ ಡಿ.ಡಿ.ಡಿ. ಆಗ್ತದೆ, ಅದೂ ವಿಷವೇ. ಬಿ.ಎಚ್.ಸಿ.ಯಿಂದ ಕೊನೆಗೆ ಬೆಂಜೀನ್, ಕ್ಲೋರೋಬೆಂಜೀನ್ ಉಳೀತವೆ. ಅವನ್ನು ಮುಗಿಸಲು ಗಾಳಿಯ ಜೀವಿಗಳೇ ಚುರುಕು. ಹಾಗಾಗಿ ಮೊದಲು ಉಸಿರು ಕಟ್ಟಿಸಬೇಕು, ಆಮೇಲೆ ಉಸಿರು ಬಿಡಿಸಬೇಕು. ಅಮೆರಿಕದಲ್ಲಿ ವಿಷ ಕಾರ್ಖಾನೆಗಳ ಜಾಗದ ಮಣ್ಣನ್ನು ಇದೇ ಕ್ರಮದಲ್ಲಿ ಶುದ್ಧ ಮಾಡಿದ್ದುಂಟು. ಗೊಬ್ಬರ, ಹುಲ್ಲು, ನೀರು ಸೇರಿಸಿ ಗಾಳಿ ಸಿಗದಂತೆ ಇಟ್ಟು, ಆಮೇಲೆ ತಿರುವಿ ಹಾಕೋದು.

ನಮ್ಮ ಹೊಲದ ಕಥೆ

ನಮ್ಮ ಕೆಂಪು ನೆಲದಲ್ಲಿ ನೀರು ನಿಲ್ಲೋದು ಎಲ್ಲಿ? ಜೋರು ಮಳೆ ಬಂದರೂ ಮಾರನೇ ದಿನ ಒಣಗಿರ್ತದೆ. ಒಂದಷ್ಟು ವಿಷ ಬಿಸಿಲಿಗೆ ಆವಿಯಾಗಿ ಗಾಳಿಗೆ ಹೋಗ್ತದೆ, ಒಂದಷ್ಟು ಮಣ್ಣಿನ ಕಣಕ್ಕೆ ಅಂಟಿ ಕೂರ್ತದೆ. ಗಾಳಿ ಆಡುವ ಮಣ್ಣಿನಲ್ಲಿ ಡಿ.ಡಿ.ಟಿ.ಯು ಡಿ.ಡಿ.ಇ. ಆಗಿ ಉಳೀತದೆ. ಡಿ.ಡಿ.ಟಿ. ಅರ್ಧಕ್ಕೆ ಇಳಿಯೋಕೇ 2ರಿಂದ 15 ವರ್ಷ ಹಿಡೀಬಹುದು ಅನ್ನೋ ಅಂದಾಜಿದೆ. ಈ ವಿಷಗಳು ಕೊಬ್ಬಿನಲ್ಲಿ ಸೇರುವಂಥವು. ಮಣ್ಣು ಮೆತ್ತಿದ ಮೇವಿನಿಂದ ಎಮ್ಮೆಗೆ, ಎಮ್ಮೆಯ ಹಾಲಿನಿಂದ ಮನೆಯ ಮಕ್ಕಳಿಗೆ ದಾರಿ ಇದೆ.

ಹಾಗಂತ ಎಲ್ಲ ಹೊಲಕ್ಕೂ ಹೆದರಬೇಕಿಲ್ಲ. ಪುಡಿ ಚೀಲ ಇಡುತ್ತಿದ್ದ ಮೂಲೆ, ಮದ್ದು ಕಲಸುತ್ತಿದ್ದ ಬಂಡೆಯ ಸುತ್ತ, ಚೀಲ ಹೂತ ಜಾಗ ಇವನ್ನು ಮನೆಯ ಹಿರಿಯರನ್ನು ಕೇಳಿ ಗುರುತು ಮಾಡಿಟ್ಟುಕೊಳ್ಳಿ. ಅವರು ಹೋದರೆ ಆ ಲೆಕ್ಕ ಸಿಗೋದಿಲ್ಲ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಈ ವಿಷ ಗೊತ್ತಾಗೋದಿಲ್ಲ, ಅದಕ್ಕೆ ಬೇರೆ ಪ್ರಯೋಗಾಲಯವೇ ಬೇಕು.

ನಾನು ನಮ್ಮ ಹೊಲದಲ್ಲಿ ಪಾಲಿಸ್ತಿರೋದು ಇಷ್ಟು:

* ಗುರುತು ಮಾಡಿದ ಜಾಗದಲ್ಲಿ ಗಜ್ಜರಿ, ಮೂಲಂಗಿ ಹಾಕೋದಿಲ್ಲ. ಕುಂಬಳ ಜಾತಿಯ ಬಳ್ಳಿಯೂ ಬೇಡ, ಅದರಲ್ಲಿ ಕೆಲವು ಡಿ.ಡಿ.ಇ.ಯನ್ನು ಚೆನ್ನಾಗಿ ಹೀರ್ತವೆ. ಹೊಂಗೆ, ಬೇವು ನೆಟ್ಟಿದ್ದೇನೆ.

* ಅಲ್ಲಿ ದನ ಮೇಯಿಸೋದಿಲ್ಲ, ಮೇವು ಕೊಯ್ಯೋದಿಲ್ಲ.

* ಕೊಟ್ಟಿಗೆ ಗೊಬ್ಬರ ಧಾರಾಳ ಕೊಡ್ತೇನೆ. ಸಾವಯವ ಅಂಶ ಹೆಚ್ಚಿದಷ್ಟೂ ವಿಷ ಮಣ್ಣಿಗೇ ಅಂಟಿಕೊಂಡು ಬೇರಿಗೆ ಸಿಗೋದು ಕಡಿಮೆ.

* ಬದು ಗಟ್ಟಿ ಇಟ್ಟಿದ್ದೇನೆ. ಕೊಚ್ಚಿಹೋದ ಮಣ್ಣಿನ ಜೊತೆ ವಿಷವೂ ಕೆರೆಗೆ ಹೋಗ್ತದೆ.

ಇನ್ನೊಂದು ಮಾತು. ಕೆಸರಿನ ಜೀವಿಗಳು ವಿಷ ಒಡೀತವೆ ಅಂತ ಅಟ್ಟದಲ್ಲಿ ಉಳಿದ ಹಳೆ ಡಬ್ಬಿಯನ್ನು ಕೃಷಿಹೊಂಡಕ್ಕೋ ಗೋಬರ್ ಗ್ಯಾಸ್ ಗುಂಡಿಗೋ ಸುರಿಯಬೇಡಿ. ಒಮ್ಮೆಲೇ ಅಷ್ಟು ವಿಷ ಬಿದ್ದರೆ ಆ ಜೀವಿಗಳೇ ಸಾಯ್ತವೆ, ನೀರೂ ಕೆಡ್ತದೆ. ಡಬ್ಬಿಯ ಬಾಯಿ ಬಿಗಿದು, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ರೈತ ಸಂಪರ್ಕ ಕೇಂದ್ರದಲ್ಲಿ ವಿಲೇವಾರಿ ಬಗ್ಗೆ ಕೇಳಿ. ಒಬ್ಬೊಬ್ಬರೇ ಕೇಳೋದಕ್ಕಿಂತ ಊರಿನವರೆಲ್ಲ ಪಟ್ಟಿ ಮಾಡಿಕೊಂಡು ಒಟ್ಟಿಗೆ ಕೇಳಿದರೆ ಕೆಲಸ ಬೇಗ ಆಗ್ತದೆ.