ಅರವತ್ತನಾಲ್ಕು ಮಗ್ಗಕ್ಕೆ ಏಳು ಜನ

ಹೊಸ ಯಂತ್ರ ಬಂದರೆ ಉತ್ಪಾದನೆ ಹೆಚ್ಚಬೇಕು. ಅಹಮದಾಬಾದಿನ ಕ್ಯಾಲಿಕೊ ಕಂಪನಿಯವರೂ ಹಾಗೆಯೇ ಎಣಿಸಿದ್ದರು. 1952ರಲ್ಲಿ ಅವರು ತಮ್ಮ ಜ್ಯೂಬಿಲಿ ಗಿರಣಿಯಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರು. ಆದರೆ ನಿರೀಕ್ಷಿಸಿದಷ್ಟು ಬಟ್ಟೆ ಬರಲಿಲ್ಲ. ಬಂದದ್ದರಲ್ಲೂ ದೋಷ ಹೆಚ್ಚು.

ಇಂಥ ಹೊತ್ತಿನಲ್ಲಿ ಕೆಲಸಗಾರರ ಸೋಮಾರಿತನವನ್ನು ದೂರುವುದು ಸುಲಭ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಬಂದ ಎ.ಕೆ. ರೈಸ್ ನೋಡಿದ್ದು ಬೇರೆಯದನ್ನು. ಸಾಧಾರಣ ಮಗ್ಗಗಳ ಕಾಲದಲ್ಲಿ ನೇಕಾರನೊಬ್ಬನಿಗೆ ಎರಡು ಮಗ್ಗ. ಬಟ್ಟೆ ಕೆಟ್ಟರೂ ಚೆನ್ನಾದರೂ ಅದು ಅವನದೇ. ಹೊಸ ಶೆಡ್ಡಿನಲ್ಲಾದರೋ 224 ಮಗ್ಗಗಳಿಗೆ 29 ಜನ, ಅವರಲ್ಲಿ ಹನ್ನೆರಡು ಬಗೆಯ ಕೆಲಸ. ನೇಕಾರ 24 ಅಥವಾ 32 ಮಗ್ಗ ನೋಡಬೇಕು. ಹೊಕ್ಕಿನ ಕಂಡಿಕೆ ತುಂಬುವವನಿಗೆ 40 ಅಥವಾ 50. ಜಾಬರಿಗೆ 112. ಎಣ್ಣೆ ಬಿಡುವವನಿಗೆ, ಕಸ ಗುಡಿಸುವವನಿಗೆ ಇಡೀ ಶೆಡ್ಡು. ಗಡಿಯಾರ ಹಿಡಿದು ಒಬ್ಬೊಬ್ಬನ ಪಾಲನ್ನು ಅಳೆದಿದ್ದರು, ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಒಬ್ಬನ ಎಲ್ಲೆ ಇನ್ನೊಬ್ಬನ ಎಲ್ಲೆಗೆ ಹೊಂದುತ್ತಿರಲಿಲ್ಲ. ಇಬ್ಬರು ನೇಕಾರರು ಒಬ್ಬನೇ ಕಂಡಿಕೆಯವನನ್ನು ಏಕಕಾಲಕ್ಕೆ ಕರೆದರೆ ಅವನು ಯಾರ ಕಡೆ ಓಡಬೇಕು? ನೂಲಿನ ಬಗೆ ಬದಲಾದರೆ ಒಬ್ಬನಿಗೆ ಬಿಡುವು, ಮತ್ತೊಬ್ಬನಿಗೆ ಉಸಿರಾಡಲೂ ಪುರುಸೊತ್ತಿಲ್ಲ. 29 ಜನರಿದ್ದರೇ ಹೊರತು ತಂಡವೆಂಬುದಿರಲಿಲ್ಲ.

ರೈಸ್ ಒಂದು ಸಲಹೆ ಮುಂದಿಟ್ಟರು: ಒಂದಷ್ಟು ಮಗ್ಗಕ್ಕೆ ಒಂದು ಗುಂಪು. ಮೇಲ್ವಿಚಾರಕರೂ ಕೆಲಸಗಾರರೂ ಅದನ್ನು ತಕ್ಷಣ ಹಿಡಿದುಕೊಂಡರು. ಯಾರು ಯಾರೊಡನೆ ಎಂಬುದನ್ನು ಅವರೇ ಆರಿಸಿಕೊಂಡರು. ಮೇಲಿನಿಂದ ಪಟ್ಟಿ ಬರಲಿಲ್ಲ, ಇದು ಮುಖ್ಯ. 64 ಮಗ್ಗಗಳಿಗೆ ಏಳು ಜನರ ಗುಂಪಾಯಿತು. ಅಗತ್ಯ ಬಿದ್ದಾಗ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕತೊಡಗಿದರು. ಮೊದಮೊದಲು ಏರುಪೇರುಗಳಾದವು. ಕ್ರಮೇಣ ಉತ್ಪಾದನೆ ಹೆಚ್ಚಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು. ಯಂತ್ರಗಳು ಮಾತ್ರ ಮೊದಲಿನವೇ. ರೈಸ್ ಈ ಪ್ರಯೋಗವನ್ನು 1958ರಲ್ಲಿ ಪುಸ್ತಕವಾಗಿ ಬರೆದರು.

ಕಥೆ ಅಲ್ಲಿಗೇ ನಿಂತಿದ್ದರೆ ಆಡಳಿತಶಾಸ್ತ್ರದ ಪಠ್ಯಗಳಿಗೆ ಚೆಂದದ ಉದಾಹರಣೆಯಾಗುತ್ತಿತ್ತು, ಅಷ್ಟೆ. 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಅಹಮದಾಬಾದಿಗೆ ಮರಳಿ ನೋಡಿದರು. ಒಂದು ಶೆಡ್ಡಿನಲ್ಲಿ ಗುಂಪಿನ ಪದ್ಧತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಬೇರೆಡೆ ಸವೆದುಹೋಗಿತ್ತು. ಮಾರುಕಟ್ಟೆ ಬಗೆಬಗೆಯ ಬಟ್ಟೆ ಕೇಳತೊಡಗಿತ್ತು. ಒತ್ತಡ ಬಂದಾಗ ಮೇಲಿನವರು ಗುಂಪಿನ ಒಳಗಿನ ನಿರ್ಧಾರಗಳಿಗೆ ಕೈಹಾಕಿದ್ದರು. ಏಳು ಜನ ಮತ್ತೆ ಒಬ್ಬೊಬ್ಬರಾಗಿ ಅಪ್ಪಣೆಗೆ ಕಾಯುತ್ತಿದ್ದರು.