ಡಬ್ಬಿ ಯಾರದು, ಅಚ್ಚು ಯಾರದು?

ಮನೆಗೆ ಗೆಳತಿಯರನ್ನು ಕರೆದು, ಕಾಫಿ ಕೊಟ್ಟು, ಟೀಪಾಯಿಯ ಮೇಲೆ ಬಣ್ಣಬಣ್ಣದ ಡಬ್ಬಿ ಜೋಡಿಸಿ ಮಾರುವ ಪದ್ಧತಿ ನಮ್ಮಲ್ಲಿ ಹರಡಿದ್ದು 1996ರಲ್ಲಿ ಟಪ್ಪರ್‌ವೇರ್ ಭಾರತಕ್ಕೆ ಬಂದ ಮೇಲೆ. ಅಂಥ ಕೂಟಗಳಲ್ಲಿ ಬೆಲೆ ಕೇಳಿದ ಮರುಕ್ಷಣವೇ ಯಾರಾದರೊಬ್ಬರು ಪಕ್ಕದವರ ಕಿವಿಯಲ್ಲಿ ಹೇಳುವುದುಂಟು: "ಇವ್ರೇನು ಮಾಡ್ತಾರಾ ರೀ? ಎಲ್ಲೋ ಮಾಡಿಸಿ ತಮ್ಮ ಹೆಸರು ಹಾಕ್ತಾರೆ ಅಷ್ಟೆ. ಅದೇ ಫ್ಯಾಕ್ಟರಿ ಮಾಲು ಚಿಕ್ಕಪೇಟೇಲಿ ಅರ್ಧ ರೇಟಿಗೆ ಸಿಗತ್ತೆ."

ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ದುಡ್ಡು ಕೊಡುವವರಿಗೆ ಯಾರ ಕೈಯ ಕೆಲಸಕ್ಕೆ ಕೊಡುತ್ತಿದ್ದೇವೆ ಎಂದು ತಿಳಿಯುವ ಹಕ್ಕಿದೆ. ಆದರೆ ಆ ಮಾತಿನಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಒಂದೇ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು ಎನ್ನುವುದು ಬೇರೆ, ಒಂದೇ ವಸ್ತು ಎನ್ನುವುದು ಬೇರೆ. ಇವೆರಡನ್ನೂ ಬಿಡಿಸಿ ನೋಡಬೇಕಾದರೆ ಡಬ್ಬಿಯನ್ನು ಹೆರುವ ಯಂತ್ರದ ಹತ್ತಿರ ಹೋಗಬೇಕು. ಅದರ ಹೆಸರು ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ.

ಅಮೆರಿಕದ ಜಾನ್ ವೆಸ್ಲಿ ಹಯಟ್ ಮತ್ತು ಅವನ ಸೋದರ 1872ರಲ್ಲಿ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ಕಿಗಾಗಿ ಪೇಟೆಂಟ್ ಪಡೆದ ಯಂತ್ರ ಇದರ ಮೂಲಪುರುಷ. ಆಗ ದಂಡವೊಂದು ಪ್ಲಾಸ್ಟಿಕ್ಕನ್ನು ಹಿಂದಿನಿಂದ ತಳ್ಳುತ್ತಿತ್ತು. ಈಗ ಆ ಜಾಗದಲ್ಲಿ ತಿರುಪಿನಂಥ ಉದ್ದನೆಯ ಸ್ಕ್ರೂ ಇದೆ. ಮೇಲಿನ ಹಾಪರಿನಿಂದ ಕಾಳುಕಾಳಾದ ಪ್ಲಾಸ್ಟಿಕ್ ಕೆಳಗಿಳಿಯುತ್ತದೆ. ಬಿಸಿ ಮಾಡಿದ ಬ್ಯಾರೆಲ್ಲಿನೊಳಗೆ ಸ್ಕ್ರೂ ತಿರುಗುತ್ತ ಅದನ್ನು ಅರೆಯುತ್ತದೆ, ಕಲಸುತ್ತದೆ, ಕರಗಿಸಿ ಮುಂದಕ್ಕೆ ಸಾಗಿಸುತ್ತದೆ. ಕರಗಿಸುವ ಕಾವಿನಲ್ಲಿ ಬಹುಪಾಲು ಹೊರಗಿನ ಹೀಟರಿನಿಂದಲ್ಲ, ಈ ಅರೆತದ ತಿಕ್ಕಾಟದಿಂದಲೇ ಬರುತ್ತದೆ. ಸಾಕಷ್ಟು ದ್ರವ ಮುಂಭಾಗದಲ್ಲಿ ಸೇರಿದೊಡನೆ ಸ್ಕ್ರೂ ತಿರುಗುವುದನ್ನು ನಿಲ್ಲಿಸಿ ಒಮ್ಮೆಲೇ ಮುನ್ನುಗ್ಗುತ್ತದೆ. ಅಚ್ಚಿನ ಎರಡು ಉಕ್ಕಿನ ಭಾಗಗಳು ಕೂಡಿ ಉಳಿಸಿದ ಖಾಲಿ ಜಾಗಕ್ಕೆ ಪ್ಲಾಸ್ಟಿಕ್ ನುಗ್ಗಿ ತುಂಬಿಕೊಳ್ಳುತ್ತದೆ. ಹೀಗೆ ಒಂದು ಸಲ ತುಂಬುವುದಕ್ಕೆ ಕಾರ್ಖಾನೆಯವರು ಒಂದು ಶಾಟ್ ಎನ್ನುತ್ತಾರೆ.

ಆ ನುಗ್ಗುವಿಕೆಯ ಬಲ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ. ಚಪಾತಿ ಡಬ್ಬಿಯ ಮುಚ್ಚಳ 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಇದ್ದರೆ ಅದರ ವಿಸ್ತೀರ್ಣ 400 ಚದರ ಸೆಂಟಿಮೀಟರ್. ಅಚ್ಚಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ 300 ಕಿಲೋ ಒತ್ತಡ ಬಿದ್ದರೆ, ಅಚ್ಚಿನ ಎರಡು ಭಾಗಗಳನ್ನು ದೂರ ತಳ್ಳುವ ಬಲ 1,20,000 ಕಿಲೋ. ಅಂದರೆ 120 ಟನ್! ಅಂಗೈಯಲ್ಲಿ ಹಿಡಿದು ಮಡಿಸಬಹುದಾದ ಒಂದು ಮುಚ್ಚಳಕ್ಕೆ ಅಷ್ಟು ಬಲವನ್ನು ಅದುಮಿ ಹಿಡಿಯುವ ಯಂತ್ರ ಬೇಕು. ಹಿಡಿತ ಸಡಿಲವಾದರೆ ಎರಡು ಭಾಗಗಳ ಸಂದಿಯಲ್ಲಿ ಪ್ಲಾಸ್ಟಿಕ್ ಹಾಳೆಯಂತೆ ಹೊರಚಾಚುತ್ತದೆ. ಅದನ್ನು ಫ್ಲ್ಯಾಶ್ ಎನ್ನುತ್ತಾರೆ. ಅಗ್ಗದ ಡಬ್ಬಿಯ ಅಂಚು ಕೈ ಕೊಯ್ಯುವುದು ಇದರಿಂದಲೇ.

ಯಂತ್ರ ಯಾರಿಗೆ ಬೇಕಾದರೂ ಸಿಗುತ್ತದೆ. ಬ್ರ್ಯಾಂಡಿನ ಜೀವ ಇರುವುದು ಅಚ್ಚಿನಲ್ಲಿ. ಸಂಕ್ರಾಂತಿ ಹತ್ತಿರ ಬಂದಾಗ ಸಕ್ಕರೆ ಅಚ್ಚಿನ ಮರದ ಪಡಿಗಳು ಮನೆಯಿಂದ ಮನೆಗೆ ಕೈ ಬದಲಿಸುತ್ತವಲ್ಲ, ಆಗ ಆನೆ, ಗಿಳಿ, ಮಂಟಪಗಳನ್ನು ಮಾಡಿದವರು ಯಾರು? ಮರ ಕೆತ್ತಿದ ಬಡಗಿಯೇ, ಪಡಿಯನ್ನು ಜೋಪಾನ ಮಾಡಿದ ಅಜ್ಜಿಯೇ, ಪಾಕ ಹದಕ್ಕೆ ತಂದು ಹೊಯ್ದವರೇ? ಪ್ಲಾಸ್ಟಿಕ್ ಉದ್ಯಮದಲ್ಲೂ ಇದೇ ಮೂವರು ಇದ್ದಾರೆ. ಅಚ್ಚು ಕೊರೆಯುವ ಟೂಲ್ ರೂಮ್ ಒಂದು, ಅಚ್ಚಿನ ಒಡೆಯನಾದ ಬ್ರ್ಯಾಂಡ್ ಇನ್ನೊಂದು, ಶಾಟ್ ಹೊಡೆಯುವ ಕಾರ್ಖಾನೆ ಮತ್ತೊಂದು. ಒಬ್ಬರೇ ಮೂರನ್ನೂ ಮಾಡುವುದುಂಟು, ಮೂರು ಬೇರೆ ದೇಶಗಳಲ್ಲಿ ಇರುವುದೂ ಉಂಟು. ಅಚ್ಚನ್ನೂ ಕಾಳನ್ನೂ ಬ್ರ್ಯಾಂಡಿನವರೇ ಕೊಟ್ಟು, ಯಂತ್ರ ಮತ್ತು ಕೂಲಿ ಮಾತ್ರ ಕಾರ್ಖಾನೆಯದಾದರೆ ಅದಕ್ಕೆ ನಮ್ಮಲ್ಲಿ ಜಾಬ್ ವರ್ಕ್ ಎಂದು ಹೆಸರು. ಪೀಣ್ಯದ ಎಷ್ಟೋ ಶೆಡ್ಡುಗಳು ಬದುಕಿರುವುದೇ ಜಾಬ್ ವರ್ಕಿನ ಮೇಲೆ.

ಅಚ್ಚು ಕೊರೆಯುವುದು ಬಹಳ ನಾಜೂಕಿನ ವಿದ್ಯೆ. ಬೆಂಗಳೂರಿನ ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈ ವಿದ್ಯೆಯನ್ನು ಕನ್ನಡದ ಹುಡುಗ ಹುಡುಗಿಯರಿಗೆ ಕಲಿಸುತ್ತ ಬಂದಿದೆ. ಅಚ್ಚು ಮಾಡುವವರ ಮೊದಲ ತಲೆನೋವು ಪ್ಲಾಸ್ಟಿಕ್ ಕುಗ್ಗುವುದು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಆರುವಾಗ ಶೇಕಡ 1ರಿಂದ 2.5ರಷ್ಟು ಕುಗ್ಗುತ್ತದೆ. 20 ಸೆಂಟಿಮೀಟರಿನ ಮುಚ್ಚಳ ಶೇಕಡ 1.5ರಷ್ಟು ಕುಗ್ಗಿದರೂ 3 ಮಿಲಿಮೀಟರ್ ಹೋಯಿತು. ಗಾಳಿಯಾಡದಂತೆ ಕೂರುವ ಮುಚ್ಚಳಕ್ಕೆ ಮಿಲಿಮೀಟರಿನ ಒಂದು ಅಂಶವೂ ದೊಡ್ಡದು. ಹಾಗಾಗಿ ಕುಗ್ಗುವುದನ್ನು ಮೊದಲೇ ಎಣಿಸಿ ಅಚ್ಚನ್ನು ಅಷ್ಟು ದೊಡ್ಡದಾಗಿ ಕೊರೆಯಬೇಕು. ಇಷ್ಟರಲ್ಲೇ ಮುಗಿಯುವುದಿಲ್ಲ. ಥ್ಯಾಲೊಸಯನೈನ್ ಎಂಬ ನೀಲಿ, ಹಸಿರು ವರ್ಣಕಗಳು ಪ್ಲಾಸ್ಟಿಕ್ ಹರಳುಗಟ್ಟುವ ರೀತಿಯನ್ನೇ ಬದಲಿಸುತ್ತವೆ. ಬಿಳಿ ಮುಚ್ಚಳ ಸರಿಯಾಗಿ ಕೂರುವ ಅದೇ ಅಚ್ಚಿನಿಂದ ಬಂದ ನೀಲಿ ಮುಚ್ಚಳ ಸೊಟ್ಟಗಾಗಬಹುದು.

ಈಗ ಚಿಕ್ಕಪೇಟೆಯ ಮಾತಿಗೆ ಬರೋಣ. ಒಂದು ಕಾರ್ಖಾನೆ ಬೆಳಗಿನ ಪಾಳಿಯಲ್ಲಿ ಹೆಸರಾಂತ ಬ್ರ್ಯಾಂಡಿನ ಡಬ್ಬಿ ಮಾಡಿ, ರಾತ್ರಿ ಪಾಳಿಯಲ್ಲಿ ಹೆಸರಿಲ್ಲದ ಡಬ್ಬಿ ಮಾಡುತ್ತದೆ ಎಂದಿಟ್ಟುಕೊಳ್ಳಿ. ಯಂತ್ರ ಅದೇ, ಕೆಲಸಗಾರರೂ ಅವರೇ. ಆದರೆ ರಾತ್ರಿಯ ಮಾಲಿನಲ್ಲಿ ಮೂರು ಕಡೆ ಉಳಿತಾಯ ಮಾಡಬಹುದು. ಮೊದಲನೆಯದು ಕಾಳು. ಹಾಳಾದ ಡಬ್ಬಿಗಳನ್ನೂ, ಅಚ್ಚಿಗೆ ಪ್ಲಾಸ್ಟಿಕ್ ಹರಿಯುವ ಕಾಲುವೆಯಲ್ಲಿ ಗಟ್ಟಿಯಾಗಿ ಉಳಿದ ರನ್ನರ್ ಎಂಬ ತುಂಡುಗಳನ್ನೂ ಪುಡಿ ಮಾಡಿ ಹೊಸ ಕಾಳಿನ ಜೊತೆ ಬೆರೆಸಿದರೆ ಖರ್ಚು ಇಳಿಯುತ್ತದೆ. ಪ್ರತಿ ಸಲ ಕರಗಿದಾಗಲೂ ಅಣುಸರಪಳಿಗಳು ತುಂಡಾಗುತ್ತ ಹೋಗುವುದರಿಂದ ಡಬ್ಬಿ ಬೇಗ ಬಿರುಕು ಬಿಡುತ್ತದೆ. ಎರಡನೆಯದು ದಪ್ಪ. ಗೋಡೆ ತೆಳುವಾದಷ್ಟೂ ಪ್ಲಾಸ್ಟಿಕ್ ಉಳಿಯುತ್ತದೆ.

ಮೂರನೆಯ ಉಳಿತಾಯ ಯಾರ ಕಣ್ಣಿಗೂ ಬೀಳುವುದಿಲ್ಲ, ನನ್ನ ಎಣಿಕೆಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಅದು ಕಾಯುವ ಹೊತ್ತು. ಶಾಟ್ ಹೊಡೆಯಲು ಹಿಡಿಯುವ ಸಮಯಕ್ಕಿಂತ ಅಚ್ಚಿನೊಳಗೆ ಡಬ್ಬಿ ಆರಲು ಹಿಡಿಯುವ ಸಮಯವೇ ಹೆಚ್ಚು. ಆರುವ ಹೊತ್ತು ಗೋಡೆಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಅಚ್ಚನ್ನು ಕೆಲವು ಸೆಕೆಂಡು ಮೊದಲೇ ತೆರೆದರೆ ದಿನಕ್ಕೆ ನೂರಾರು ಡಬ್ಬಿ ಹೆಚ್ಚಿಗೆ ಬರುತ್ತವೆ. ಒಳಗೆ ಇನ್ನೂ ಬಿಸಿ ಇರುವ ಮುಚ್ಚಳ ಹೊರಗೆ ಬಿದ್ದ ಮೇಲೆ ತನ್ನಿಷ್ಟದಂತೆ ಕುಗ್ಗಿ ಬಾಗುತ್ತದೆ. ಅಂಗಡಿಯಲ್ಲಿ ನೋಡಿದಾಗ ಚೆನ್ನಾಗಿಯೇ ಕಾಣುತ್ತದೆ. ಸಾರು ತುಂಬಿ ಚೀಲದಲ್ಲಿಟ್ಟ ದಿನ ಗೊತ್ತಾಗುತ್ತದೆ. ಆ ಸೆಕೆಂಡುಗಳನ್ನು ಯಾರು ನಿಗದಿ ಮಾಡುತ್ತಾರೆ, ತಪ್ಪಿದ ಮಾಲನ್ನು ಯಾರು ವಾಪಸು ಕಳಿಸುತ್ತಾರೆ ಎಂಬುದೇ ನಿಜವಾದ ಪ್ರಶ್ನೆ. ಬ್ರ್ಯಾಂಡಿನವರು ಅದನ್ನು ಬಿಗಿಯಾಗಿ ನೋಡಿಕೊಂಡರೆ, ಯಂತ್ರ ಬೇರೆಯವರದಾದರೂ ಆ ಡಬ್ಬಿ ಅವರದೇ. ನೋಡಿಕೊಳ್ಳದಿದ್ದರೆ ಸ್ವಂತ ಕಾರ್ಖಾನೆ ಇದ್ದೂ ಪ್ರಯೋಜನವಿಲ್ಲ.

ಮನೆಕೂಟದ ಕಂಪನಿಗಳ ಚರಿತ್ರೆ ನೋಡಿದರೆ ಎಲ್ಲ ಬಗೆಯೂ ಸಿಗುತ್ತದೆ. ಅರ್ಲ್ ಟಪ್ಪರ್ ನಿಜಕ್ಕೂ ತಯಾರಕ. 1907ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ಹುಟ್ಟಿದವನು, ಡ್ಯುಪಾಂಟ್ ಕಂಪನಿಯ ಪ್ಲಾಸ್ಟಿಕ್ ವಿಭಾಗದಲ್ಲಿ ಸ್ವಲ್ಪ ಕಾಲ ದುಡಿದು 1938ರಲ್ಲಿ ಸ್ವಂತ ಕಂಪನಿ ಕಟ್ಟಿದ. ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನಲ್ಲಿ ಆಕಸ್ಮಿಕವಾಗಿ ಹುಟ್ಟಿ, ಯುದ್ಧಕಾಲದಲ್ಲಿ ರಾಡಾರ್ ಕೇಬಲ್ಲುಗಳ ಹೊದಿಕೆಯಾಗಿತ್ತು. ಯುದ್ಧ ಮುಗಿಯುತ್ತ ಬಂದಂತೆ ಅದಕ್ಕೆ ಹೊಸ ಕೆಲಸ ಹುಡುಕಬೇಕಿತ್ತು. ಡ್ಯುಪಾಂಟಿನಲ್ಲಿ ಉಳಿದ, ಕಪ್ಪಗಿದ್ದ, ನಾರುವ ಪಾಲಿಥೀನ್ ಗಸಿಯನ್ನು ಟಪ್ಪರ್ ತಂದು ಹದಗೊಳಿಸಿ, ಬಾಗುವ ಆದರೆ ಒಡೆಯದ ಬಟ್ಟಲು ಮಾಡಿದ. ಬಣ್ಣದ ಡಬ್ಬದ ಮುಚ್ಚಳವನ್ನು ತಿರುವುಮುರುವು ಮಾಡಿದ ವಿನ್ಯಾಸದಲ್ಲಿ ಅದಕ್ಕೊಂದು ಮುಚ್ಚಳ ರೂಪಿಸಿ, 1949ರಲ್ಲಿ ಪೇಟೆಂಟ್ ಪಡೆದ. ಮಧ್ಯಕ್ಕೆ ಒತ್ತಿ ಅಂಚನ್ನು ಕೊಂಚ ಎತ್ತಿದರೆ ಒಳಗಿನ ಗಾಳಿ ಹೊರಬೀಳುತ್ತದೆ, ಆಮೇಲೆ ಹೊರಗಿನ ವಾಯುಭಾರವೇ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ.

ಅಂಗಡಿಯಲ್ಲಿ ಅದು ಮಾರಾಟವಾಗಲಿಲ್ಲ. ಒತ್ತುವುದು ಹೇಗೆಂದು ಯಾರೂ ತೋರಿಸದಿದ್ದರೆ ಆ ಮುಚ್ಚಳ ಮಾಮೂಲಿ ಮುಚ್ಚಳವೇ. ಮನೆಗಳಲ್ಲಿ ಹೆಂಗಸರನ್ನು ಕೂಡಿಸಿ ತೋರಿಸಿ ಮಾರಿದ ಬ್ರೌನಿ ವೈಸ್ ಅದರ ಅದೃಷ್ಟ ಬದಲಿಸಿದಳು. 1951ರಲ್ಲಿ ಕಂಪನಿ ಅಂಗಡಿಗಳಿಂದ ಮಾಲು ಹಿಂತೆಗೆದು ಮನೆಕೂಟಗಳಿಗೇ ಮೀಸಲಿಟ್ಟಿತು. 1954ರಲ್ಲಿ 'ಬಿಸಿನೆಸ್ ವೀಕ್' ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಮೊದಲ ಮಹಿಳೆ ಆಕೆ. 1958ರಲ್ಲಿ ಟಪ್ಪರ್ ಅವಳನ್ನು ಹೊರಹಾಕಿ, ಅದೇ ವರ್ಷ ಕಂಪನಿಯನ್ನು ರೆಕ್ಸಾಲ್‌ಗೆ ಮಾರಿಬಿಟ್ಟ. ಡಬ್ಬಿ ಮಾಡಿದವನ ಹೆಸರು ಉಳಿಯಿತು, ಅದನ್ನು ಮನೆಮನೆಗೆ ಮುಟ್ಟಿಸಿದವಳ ಹೆಸರು ದಶಕಗಳ ಕಾಲ ಮರೆಯಾಗಿಯೇ ಇತ್ತು. ಇದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಭಾರತದಲ್ಲಿ ಟಪ್ಪರ್‌ವೇರ್ ಡಬ್ಬಿಗಳು ತಯಾರಾದದ್ದು ಮುಖ್ಯವಾಗಿ ಡೆಹ್ರಾಡೂನಿನ ಕಾರ್ಖಾನೆಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಮೂಲ ಕಂಪನಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೋರಿತು.

ಪ್ಯಾಂಪರ್ಡ್ ಶೆಫ್ ಇದಕ್ಕೆ ಪೂರಾ ತದ್ವಿರುದ್ಧ. ಶಿಕಾಗೊ ಹತ್ತಿರದ ಡೋರಿಸ್ ಕ್ರಿಸ್ಟೋಫರ್ 1980ರಲ್ಲಿ ಜೀವವಿಮೆಯ ಮೇಲೆ 3,000 ಡಾಲರ್ ಸಾಲ ಎತ್ತಿ, ಶಿಕಾಗೊದ ಮರ್ಚಂಡೈಸ್ ಮಾರ್ಟ್ ಎಂಬ ಸಗಟು ಮಳಿಗೆಯಿಂದ ಆಯ್ದ ಅಡುಗೆ ಸಾಮಾನು ಕೊಂಡು, ಮನೆಕೂಟಗಳಲ್ಲಿ ಅಡುಗೆ ಮಾಡಿ ತೋರಿಸುತ್ತ ಮಾರಿದರು. ಬೇರೆಯವರು ಮಾಡಿದ ಸಾಮಾನಿನಿಂದಲೇ ಶುರುವಾದ ಕಂಪನಿಯದು. ಹತ್ತು ಸುಲಿಯುವ ಚಾಕುಗಳಲ್ಲಿ ಯಾವುದು ಒಳ್ಳೆಯದೆಂದು ಗುರುತಿಸುವ ಗೃಹವಿಜ್ಞಾನ ಶಿಕ್ಷಕಿಯ ಕಣ್ಣೇ ಆಕೆಯ ಬಂಡವಾಳ. 2002ರಲ್ಲಿ ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಆ ಕಂಪನಿಯನ್ನು ಕೊಂಡಿತು. ಆರಿಸುವುದೂ ಒಂದು ದುಡಿಮೆ, ಅದಕ್ಕೆ ಬೆಲೆ ಕೊಡುವುದರಲ್ಲಿ ಮೋಸ ಹೋದಂತಾಗುವುದಿಲ್ಲ.

ಲೋಹದ ಪಾತ್ರೆಗಳಲ್ಲಿ ಬ್ರ್ಯಾಂಡಿನ ಹಿಂದೆ ಇನ್ನೊಂದು ಹೆಸರು ಅಡಗಿರುವುದು ಸಾಮಾನ್ಯ. 1900ರ ಹೊತ್ತಿಗೆ ಅಮೆರಿಕದಲ್ಲಿ ಅಲ್ಯೂಮಿನಿಯಂ ಧಾರಾಳವಾಗಿ ತಯಾರಾಗುತ್ತಿತ್ತು, ಕೊಳ್ಳುವವರು ಸಾಲದಾಗಿದ್ದರು. ಮುಂದೆ ಅಲ್ಕೋವಾ ಆದ ಕಂಪನಿ 1901ರಲ್ಲಿ ಪಾತ್ರೆಗಳಿಗಾಗಿಯೇ ಅಂಗಸಂಸ್ಥೆ ತೆರೆದು, ವೇರ್-ಎವರ್ ಹೆಸರಿನ ಪಾತ್ರೆಗಳನ್ನು ಕಾಲೇಜು ಹುಡುಗರ ಕೈಯಲ್ಲಿ ಮನೆಬಾಗಿಲಿಗೆ ಕಳಿಸಿತು. ಅದೇ ಅಲ್ಕೋವಾ ಚಾಕು ತಯಾರಿಸುವ ಕೇಸ್ ಕಂಪನಿಯೊಂದಿಗೆ ಸೇರಿ 1949ರಲ್ಲಿ ನ್ಯೂಯಾರ್ಕ್ ರಾಜ್ಯದ ಓಲಿಯನ್ ಊರಿನಲ್ಲಿ ಆಲ್ಕಾಸ್ ಕಟ್ಟಿತು. ಕಟ್ಕೋ ಚಾಕುಗಳು ಬಂದದ್ದು ಅಲ್ಲಿಂದ. ಅಡುಗೆ ಮಾಡಿ ಬಡಿಸಿ ಮಾರುವ ಸಲಾಡ್‌ಮಾಸ್ಟರ್ ಪಾತ್ರೆಗಳ ಹಿಂದೆ ಇರುವುದು ವಿಸ್ಕಾನ್ಸಿನ್‌ನ ಕೆವಾಸ್ಕಮ್ ಎಂಬ ಚಿಕ್ಕ ಊರಿನ ರೀಗಲ್ ವೇರ್. ಜರ್ಮನಿಯ ಥರ್ಮೊಮಿಕ್ಸ್ ಎಂಬ ಅಡುಗೆ ಯಂತ್ರ ಮಾತ್ರ ತನ್ನ ವೋರ್‌ವೆರ್ಕ್ ಕಂಪನಿಯ ಸ್ವಂತ ಕಾರ್ಖಾನೆಗಳಲ್ಲೇ ತಯಾರಾಗುತ್ತದೆ.

ನಿಮ್ಮ ಮನೆಯ ಡಬ್ಬಿಯ ವಿಷಯ ತಿಳಿಯಬೇಕೆ? ಅದರ ತಳ ನೋಡಿ. ನಡುವೆ ಉಗುರಿಗೆ ತಾಗುವ ಚಿಕ್ಕ ಬೊಟ್ಟು ಇದ್ದರೆ ಅದು ಗೇಟ್, ಪ್ಲಾಸ್ಟಿಕ್ ಒಳಬಂದ ದಾರಿ. ಸುತ್ತಲಿನ ದುಂಡು ಗುರುತುಗಳು ಡಬ್ಬಿಯನ್ನು ಅಚ್ಚಿನಿಂದ ಹೊರತಳ್ಳಿದ ಪಿನ್ನುಗಳದು. ತ್ರಿಕೋನದೊಳಗೆ 2 ಅಥವಾ 4 ಇದ್ದರೆ ಪಾಲಿಥೀನ್, 5 ಇದ್ದರೆ ಪಾಲಿಪ್ರೊಪಿಲೀನ್. ಹನ್ನೆರಡು ಮನೆಗಳ ಪುಟ್ಟ ವೃತ್ತ, ಒಳಗೊಂದು ಬಾಣ, ಎರಡಂಕಿಯ ವರ್ಷ ಕಂಡರೆ ಅದು ತಯಾರಾದ ತಿಂಗಳು. ಬಿಡಿ ಅಂಕಿ ಇದ್ದರೆ ಒಂದೇ ಅಚ್ಚಿನ ಹಲವು ಗೂಡುಗಳಲ್ಲಿ ಇದು ಯಾವುದರಿಂದ ಬಂತು ಎಂಬುದರ ಗುರುತು. ಮುಚ್ಚಳ ಸರಿಯಿಲ್ಲವೆಂದು ದೂರು ಬಂದಾಗ ಕಾರ್ಖಾನೆಯವರು ಮೊದಲು ಹುಡುಕುವುದು ಅದನ್ನೇ.

ಇಷ್ಟೆಲ್ಲ ಇದ್ದರೂ ಕಾರ್ಖಾನೆಯ ಹೆಸರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಇರುವುದು ಹೊರಗಿನ ರಟ್ಟಿನ ಮೇಲೆ. 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ತಯಾರಕ, ಪ್ಯಾಕ್ ಮಾಡಿದವರು ಅಥವಾ ಆಮದುದಾರರ ಹೆಸರು ವಿಳಾಸ ಪೊಟ್ಟಣದ ಮೇಲೆ ಇರಲೇಬೇಕು. ತಯಾರಕರ ಸಾಲಿನಲ್ಲಿ ಒಂದು ಹೆಸರು, ಮಾರಾಟಗಾರರ ಸಾಲಿನಲ್ಲಿ ಇನ್ನೊಂದು ಕಂಡರೆ ಅದು ಮಾಡಿಸಿದ ಮಾಲು. ಪ್ರೆಶರ್ ಕುಕ್ಕರಿನ ಮಟ್ಟಿಗೆ ನಾವು ಇನ್ನೂ ಅದೃಷ್ಟವಂತರು. ಅದಕ್ಕೆ ಐಎಸ್ಐ ಗುರುತು ಕಡ್ಡಾಯ, ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೊ ಆ ಪರವಾನಗಿ ಕೊಡುವುದು ಬ್ರ್ಯಾಂಡಿಗಲ್ಲ, ನಿರ್ದಿಷ್ಟ ಜಾಗದಲ್ಲಿರುವ ಕಾರ್ಖಾನೆಗೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಕುಕ್ಕರ್ ಮಾಡಿದವರ ಹೆಸರು ವಿಳಾಸ ಬರುತ್ತದೆ.

ಪ್ಲಾಸ್ಟಿಕ್ ಡಬ್ಬಿಗೂ ಇಂಥದ್ದೊಂದು ಬೇಕು. ರಟ್ಟು ಮೊದಲ ದಿನವೇ ರದ್ದಿಗೆ ಹೋಗುತ್ತದೆ, ಡಬ್ಬಿ ಇಪ್ಪತ್ತು ವರ್ಷ ಅಡುಗೆಮನೆಯಲ್ಲಿರುತ್ತದೆ. ತಿಂಗಳು, ವರ್ಷ, ಗೂಡಿನ ಅಂಕಿಗಳನ್ನೆಲ್ಲ ಉಕ್ಕಿನಲ್ಲಿ ಕೊರೆಯುವವರಿಗೆ ಕಾರ್ಖಾನೆಯ ಗುರುತಿನ ಸಂಖ್ಯೆಯನ್ನೂ ಕೊರೆಯುವುದು ಹೆಚ್ಚಿನ ಖರ್ಚಲ್ಲ. ಅಚ್ಚು ಊರು ಬದಲಿಸಿದರೆ ಸಂಖ್ಯೆಯನ್ನೂ ಬದಲಿಸಲು ಸಾಧ್ಯವಾಗುವಂತೆ ಕಳಚಿ ಕೂರಿಸುವ ಉಕ್ಕಿನ ತುಂಡುಗಳು ಈಗಲೇ ಇವೆ. ತಿಂಗಳ ಬಾಣ ತಿರುಗುವುದು ಅಂಥದ್ದರ ಮೇಲೆಯೇ.