ಬಯಲುಸೀಮೆಯ ಮುಳುಗುಗಾರರು

ಚಂದ್ರದ್ರೋಣದ ಸೆರಗಿನಲ್ಲಿ ವೇದಾವತಿಯೆಂಬ ಹೆಸರು ಹೊತ್ತು, ಬಳ್ಳಾರಿಯ ಸೀಮೆಗೆ ಬರುವಷ್ಟರಲ್ಲಿ ಹಗರಿಯಾಗಿ, ವರ್ಷದ ಬಹುಭಾಗ ಬರಿಯ ಮರಳ ಹಾಸಾಗಿ ಮಲಗಿರುವ ನದಿಯನ್ನು ಕಂಡವರು, ನೈಋತ್ಯದ ಗಾಳಿಗೆ ಆ ಮರಳೆದ್ದು ದಂಡೆಯಾಚೆಯ ಹೊಲಗಳಲ್ಲಿ ದಿಬ್ಬಗಟ್ಟುವುದನ್ನೂ ನೋಡಿದ್ದರೆ, ಇದನ್ನು ಮರುಭೂಮಿಯ ಅಂಚೆಂದು ಕರೆಯಲು ಹಿಂಜರಿಯಲಾರರು. ಆ ಹಗರಿಯೇ ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ತುಂಗಭದ್ರೆಯ ಮಡುಗಳಲ್ಲಾದರೋ, ಮುಳುಗುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡ ಪ್ರಾಣಿಗಳುಂಟು.

ಮುಳುಗುವ ವಿದ್ಯೆಯೆಂದೊಡನೆ ಜನರ ಮನಸ್ಸು ಕೆಂಪು ಸಮುದ್ರದ ಉತ್ತರ ತುದಿಯ ಅಕಾಬಾ ಕೊಲ್ಲಿಯಂಥ ತಾಣಗಳತ್ತ ಹರಿಯುವುದು ಸಹಜ. ಅಲ್ಲಿ ಎರಡು ದಡಗಳಲ್ಲಿಯೂ ಮರುಭೂಮಿ, ಸದಾ ಹರಿಯುವ ನದಿ ಒಂದಾದರೂ ಬಂದು ಸೇರದಿರುವುದರಿಂದ ನೀರಿನಲ್ಲಿ ಕೆಸರಿಲ್ಲ, ಬಿಸಿಲು ಆಳಕ್ಕಿಳಿಯುತ್ತದೆ, ಹವಳದ ಒಡಲೊಳಗಿನ ಸೂಕ್ಷ್ಮ ಪಾಚಿ ಆ ಬೆಳಕಿನಿಂದಲೇ ಆಹಾರವನ್ನು ತಯಾರಿಸುವ ಕಾರಣ, ದಡದ ಮಗ್ಗುಲಲ್ಲಿಯೇ ಹವಳದ ದಿಬ್ಬಗಳು ಬೆಳೆದಿವೆ. ನಮ್ಮ ತುಂಗಭದ್ರೆಯ ಸ್ವಭಾವವೇ ಬೇರೆ. 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರುವುದೇ ಈಕೆ ಹೊತ್ತು ತರುವ ಮಣ್ಣಿಗೆ ಸಾಕ್ಷಿ. ಹೊಸನೀರು ಬಂದ ದಿನ ಮೊಣಕೈವರೆಗೆ ಅದ್ದಿದರೆ ಸ್ವಂತ ಬೆರಳು ಕಾಣದು.

ನೀರು ತಿಳಿಯಾಗಿದ್ದರೂ ಮಡುವಿಗೆ ಧುಮುಕಿದ ಹುಡುಗನ ಕಣ್ಣಿಗೆ ಎಲ್ಲವೂ ಮಸುಕು. ಗಾಳಿಯಿಂದ ಕಣ್ಣಿನ ಹೊರಪಟಲವನ್ನು ಹೊಗುವಾಗ ಬೆಳಕು ಬಾಗುತ್ತದೆ. ನೀರಿನೊಳಗೆ ಆ ಬಾಗುವಿಕೆ ಬಹುಮಟ್ಟಿಗೆ ನಷ್ಟವಾಗಿ, ಬಿಂಬವು ಅಕ್ಷಿಪಟಲದ ಮೇಲೆ ಸ್ಪಷ್ಟವಾಗಿ ಮೂಡದು. ಮುಳುಗುಗಾರರು ಗಾಜಿನ ಮುಖವಾಡ ಧರಿಸುವುದು ಕಣ್ಣಿನ ಮುಂದೆ ಒಂದಿಷ್ಟು ಗಾಳಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ.

ನೀರುನಾಯಿಗೆ ಮುಖವಾಡವಿಲ್ಲ, ಮೀಸೆಯಿದೆ. ಏಳರಿಂದ ಹನ್ನೊಂದು ಕಿಲೋ ತೂಗುವ, ನುಣುಪು ತುಪ್ಪಳದ ಈ ಪ್ರಾಣಿ ಮುಳುಗುವಾಗ ಮೂಗಿನ ಹೊಳ್ಳೆಗಳನ್ನೂ ಕಿವಿಗಳನ್ನೂ ಮುಚ್ಚಿಕೊಂಡು, ಕಣ್ಣು ಸೋಲುವ ಕದಡಿದ ನೀರಿನಲ್ಲಿ, ಓಡುವ ಮೀನಿನ ಬಾಲ ಎಬ್ಬಿಸಿದ ಅಲುಗಾಟವನ್ನು ಮೀಸೆಯ ಗಡುಸಾದ ಕೂದಲುಗಳಿಂದ ಗ್ರಹಿಸುತ್ತದೆ. ಹೊರಗೂದಲಿನ ಕೆಳಗಿನ ಒತ್ತಾದ ಒಳತುಪ್ಪಳದಲ್ಲಿ ಗಾಳಿ ಸಿಕ್ಕಿಕೊಂಡು ಚರ್ಮವನ್ನು ಬೆಚ್ಚಗಿಡುತ್ತದೆ. ಆದರೆ ಆ ಗಾಳಿಯೇ ದೇಹವನ್ನು ಮೇಲಕ್ಕೆ ತೇಲಿಸುವುದರಿಂದ, ಜಾಲಪಾದಗಳನ್ನೂ ಚಪ್ಪಟೆ ಬಾಲವನ್ನೂ ಬೀಸಿಯೇ ಕೆಳಗಿಳಿಯಬೇಕು. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆಯಷ್ಟೆ. ಎರಡು ಮೀಟರಿನ ಮಡುವಿನಲ್ಲಿಯೂ ಐದನೆಯ ಒಂದು ಪಾಲು ಹೆಚ್ಚುವುದು. ಆ ಹಿಂಡಿಗೆ ತುಪ್ಪಳದ ಗಾಳಿ ಹೊರಬಿದ್ದು, ಮೇಲೆ ಗುಳ್ಳೆಗಳ ಸಾಲೊಂದು ಮೂಡುತ್ತದೆ: ದಡದಲ್ಲಿ ಕುಳಿತವನಿಗೆ ಪ್ರಾಣಿ ಹೋದ ದಾರಿ ಕಾಣುವುದು ಅದರಿಂದಲೇ.

ನೀರುಕಾಗೆ ಇದೇ ಸಮಸ್ಯೆಯನ್ನು ತಿರುಗುಮುರುಗಾಗಿ ಬಿಡಿಸಿದೆ. ಅದರ ಗರಿಗಳ ಹೊರಭಾಗ ನೀರನ್ನು ಹೀರಿ, ಗಾಳಿಯನ್ನು ಕಳೆದು, ಹಕ್ಕಿಯನ್ನು ಸುಲಭವಾಗಿ ಮುಳುಗಿಸುತ್ತದೆ; ಅದಕ್ಕೆ ತೆರುವ ದಂಡವೆಂದರೆ, ಮೇಲೆದ್ದ ಮೇಲೆ ಬಂಡೆಯೇರಿ ರೆಕ್ಕೆ ಚಾಚಿ ಒಣಗುವ ಕೆಲಸ. ಬಳ್ಳಾರಿಯ ಬಿಸಿಲಿನಲ್ಲಿ ಅದೇನೂ ಕಷ್ಟವಲ್ಲವೆನ್ನಿ!

ಕುರುಗೋಡಿನ ಗುಡ್ಡಗಳಲ್ಲಿ ಕಾಣುವಂಥ ಗ್ರಾನೈಟ್ ಗುಂಡುಗಳೇ ಹೊಳೆಯ ಪಾತ್ರದಲ್ಲಿಯೂ ರಾಶಿಬಿದ್ದು, ಅವುಗಳ ಸಂದುಗಳು ನೀರುನಾಯಿಗೆ ಮನೆಯಾಗಿವೆ. ಬಂಡೆಯ ಮೇಲೆ ಮೀನಿನ ಹುರುಪೆ ಮಿನುಗುವ, ಮೂಗು ಮುಚ್ಚಿಸುವ ಹಿಕ್ಕೆ ಕಂಡರೆ ಸಂಸಾರವೊಂದು ಸಮೀಪದಲ್ಲಿದೆಯೆಂದು ತಿಳಿಯಬೇಕು. ಮೀನಿಗಾಗಿ ಸಿಡಿಮದ್ದು ಹಾಕುವವರೂ ಈ ಮಡುಗಳನ್ನು ಬಲ್ಲರು. ಸ್ಫೋಟದ ಆಘಾತ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುವಾಗ, ದೊಡ್ಡ ಮೀನು, ಮರಿಮೀನು, ನೀರುನಾಯಿಯೆಂಬ ಭೇದವೆಣಿಸದು. 2015ರಲ್ಲಿ ಸರ್ಕಾರವು ಅಣೆಕಟ್ಟೆಯ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಕಂಪ್ಲಿಯಿಂದ ಕೆಳಗೆ, ಸಿರುಗುಪ್ಪದ ಭತ್ತದ ಗದ್ದೆಗಳತ್ತ ಹರಿಯುವ ನೀರು ಆ ಮೀಸಲಿನ ಮೇರೆಯಾಚೆಗಿದೆ.